ಮತಪತ್ರದಲ್ಲಿ ಪಕ್ಷವೇ ಇಲ್ಲ, ಆದರೂ 'ಡೆಮಾಕ್ರಟಿಕ್ ಗೆಲುವು': ಮಯಾಮಿ ಮೇಯರ್ ಚುನಾವಣೆಯ ಒಳಗುಟ್ಟು

2025ರ ಡಿಸೆಂಬರ್ 9ರಂದು ಅಮೆರಿಕದ ಮಯಾಮಿ ನಗರ ಹೊಸ ಮೇಯರ್ ಅನ್ನು ಆರಿಸಿತು. ಗೆದ್ದವರು ಐಲೀನ್ ಹಿಗ್ಗಿನ್ಸ್. ಸುಮಾರು 30 ವರ್ಷಗಳ ನಂತರ ಮಯಾಮಿಗೆ ಡೆಮಾಕ್ರಟಿಕ್ ಪಕ್ಷದ ಮೇಯರ್ ಬಂದರು ಅಂತ ಎಲ್ಲ ಕಡೆ ಸುದ್ದಿಯಾಯಿತು. ಅದೇ ಸುದ್ದಿಯಲ್ಲಿ ನಾಲ್ಕು ಸಾಲು ಕೆಳಗೆ, ಇದು ಪಕ್ಷರಹಿತ ಚುನಾವಣೆ ಅಂತಲೂ ಬರೆದಿತ್ತು. ಪಕ್ಷವೇ ಇಲ್ಲದ ಚುನಾವಣೆಯಲ್ಲಿ ಒಂದು ಪಕ್ಷ ಗೆಲ್ಲೋದು ಹೇಗೆ? ಇನ್ನೊಂದು ಗೊಂದಲವೂ ಇತ್ತು. ಇದೇ ಮೇಯರ್ ಸ್ಥಾನಕ್ಕೆ ನವೆಂಬರ್ 4ರಂದು ಒಮ್ಮೆ ಮತದಾನ ಆಗಿತ್ತು, ಅವತ್ತೂ ಹಿಗ್ಗಿನ್ಸ್ ಅವರೇ ಮೊದಲು. ಹಾಗಿದ್ದರೆ ಐದು ವಾರ ಬಿಟ್ಟು ಮತ್ತೆ ಯಾಕೆ ಮತ ಹಾಕಬೇಕಿತ್ತು?

ಎರಡೂ ಪ್ರಶ್ನೆಗೆ ಉತ್ತರ ಇದೆ. ಆದರೆ ಉತ್ತರ ಸಿಕ್ಕ ಮೇಲೆ, ಇವೆರಡಕ್ಕಿಂತ ದೊಡ್ಡದಾದ ಮೂರನೇ ಪ್ರಶ್ನೆಯೊಂದು ಎದುರಾಗುತ್ತದೆ: ಎರಡನೇ ಸಲ ಮತಗಟ್ಟೆಗೆ ಬರುವವರು ಯಾರು?

ಯಾವ ಮಯಾಮಿ?

ಮೊದಲು ಒಂದು ಸಣ್ಣ ಗೊಂದಲ ಬಗೆಹರಿಸೋಣ. ಮಯಾಮಿ ಹೆಸರಿನಲ್ಲಿ ಇಬ್ಬರು ಮೇಯರ್ ಇದ್ದಾರೆ. ಮಯಾಮಿ-ಡೇಡ್ ಅನ್ನೋದು ಕೌಂಟಿ, ನಮ್ಮ ಜಿಲ್ಲೆಯ ಹಾಗೆ, ಅಲ್ಲಿ 27 ಲಕ್ಷ ಜನ. ಅದರ ಮೇಯರ್ ಡ್ಯಾನಿಯೆಲಾ ಲೆವೈನ್ ಕಾವಾ. ಆ ಕೌಂಟಿಯೊಳಗಿನ ಹಲವು ನಗರಗಳಲ್ಲಿ ಒಂದು ಮಯಾಮಿ ನಗರ, ಜನಸಂಖ್ಯೆ ಸುಮಾರು ನಾಲ್ಕೂವರೆ ಲಕ್ಷ. ಡಿಸೆಂಬರ್‌ನಲ್ಲಿ ಚುನಾವಣೆ ನಡೆದದ್ದು ಈ ಸಣ್ಣ ಮಯಾಮಿಗೆ.

ಇದು ಮುಖ್ಯ, ಯಾಕೆಂದರೆ 2024ರಲ್ಲಿ ಇಡೀ ಕೌಂಟಿಯನ್ನು ಟ್ರಂಪ್ ದೊಡ್ಡ ಅಂತರದಲ್ಲಿ ಗೆದ್ದಿದ್ದರು, ಆದರೆ ನಗರದ ಮಿತಿಯೊಳಗೆ ಕಮಲಾ ಹ್ಯಾರಿಸ್ ಅವರಿಗೆ ಒಂದು ಎಳೆಯಷ್ಟು ಮುನ್ನಡೆ ಇತ್ತು. "ಟ್ರಂಪ್ ಕೋಟೆ ಒಡೆಯಿತು" ಅಂತ ಬರೆದವರು ಈ ಎರಡು ಗೆರೆಗಳನ್ನು ಬೆರೆಸಿಬಿಟ್ಟರು. ಹಿಗ್ಗಿನ್ಸ್ ಗೆದ್ದ ಅಂತರ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಅವರು ಗೆದ್ದ ಊರು ಮೊದಲೇ ಸಮಬಲದ ಊರು.

36ರಿಂದ 59ಕ್ಕೆ

ನವೆಂಬರ್ 4ರ ಮೊದಲ ಸುತ್ತಿನಲ್ಲಿ 13 ಅಭ್ಯರ್ಥಿಗಳು ಕಣದಲ್ಲಿದ್ದರು. ಹಿಗ್ಗಿನ್ಸ್ ಅವರಿಗೆ ಶೇ 36ರಷ್ಟು ಮತ ಬಂತು. ಎಮಿಲಿಯೊ ಗೊನ್ಸಾಲೆಸ್ ಅವರಿಗೆ ಶೇ 19ರ ಆಸುಪಾಸು. ಮೂರನೆಯವರಾದ ಕೆನ್ ರಸೆಲ್ ಗೊನ್ಸಾಲೆಸ್ ಅವರಿಗಿಂತ ಸ್ವಲ್ಪವೇ ಹಿಂದೆ ಉಳಿದರು. ಉಳಿದ ಮತಗಳು ಚೂರುಚೂರಾಗಿ ಹಂಚಿಹೋದವು.

ನಮ್ಮಲ್ಲಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ವಿಧಾನಸಭೆಗಾಗಲಿ ಲೋಕಸಭೆಗಾಗಲಿ ಎಲ್ಲರಿಗಿಂತ ಒಂದು ಮತ ಜಾಸ್ತಿ ಬಂದವರು ಗೆದ್ದ ಹಾಗೆ. ಶೇ 36 ತಗೊಂಡು ಶಾಸಕರಾದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಮಯಾಮಿಯ ನಿಯಮ ಬೇರೆ. ಚಲಾವಣೆಯಾದ ಮತಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬರಬೇಕು. ಯಾರಿಗೂ ಬರದಿದ್ದರೆ ಮೊದಲ ಇಬ್ಬರನ್ನು ಮಾತ್ರ ಉಳಿಸಿಕೊಂಡು ಇನ್ನೊಂದು ಸುತ್ತು ಮತದಾನ. ಇದಕ್ಕೆ ರನ್‌ಆಫ್ ಅನ್ನುತ್ತಾರೆ. ಡಿಸೆಂಬರ್ 9ರಂದು ನಡೆದದ್ದು ಅದೇ. ಅದರಲ್ಲಿ ಹಿಗ್ಗಿನ್ಸ್ ಸುಮಾರು ಶೇ 59 ಪಡೆದರು, ಗೊನ್ಸಾಲೆಸ್ ಶೇ 41ರ ಹತ್ತಿರ ನಿಂತರು.

ಶೇ 36 ಇದ್ದದ್ದು 59 ಆದದ್ದು ಎಲ್ಲಿಂದ? ರಸೆಲ್ ಕೂಡ ಡೆಮಾಕ್ರಟಿಕ್ ಪಕ್ಷದವರೇ. ಅವರ ಮತದಾರರಲ್ಲಿ ಹೆಚ್ಚಿನವರಿಗೆ ಎರಡನೇ ಸುತ್ತಿನಲ್ಲಿ ಹಿಗ್ಗಿನ್ಸ್ ಕಡೆ ಬರುವುದು ಸಹಜವಾಗಿತ್ತು. ಇನ್ನೊಂದು ಕಡೆ ರಿಪಬ್ಲಿಕನ್ ಹಿನ್ನೆಲೆಯವರು ಮೊದಲ ಸುತ್ತಿನಲ್ಲಿ ಹಲವರಿದ್ದರು, ಅವರಲ್ಲಿ ಕೆಲವರ ನಡುವೆ ಹಳೆಯ ಜಗಳಗಳೂ ಇದ್ದವು. ಆ ಮತಗಳೆಲ್ಲ ಗೊನ್ಸಾಲೆಸ್ ಹಿಂದೆ ಒಟ್ಟಾಗಲಿಲ್ಲ.

ರನ್‌ಆಫ್‌ನ ಗುಣವೇ ಇದು. ಮೊದಲ ಸುತ್ತಿನಲ್ಲಿ ಮತದಾರರನ್ನು ಕೇಳುವುದು, ನಿಮಗೆ ಯಾರು ಇಷ್ಟ ಅಂತ. ಎರಡನೇ ಸುತ್ತಿನಲ್ಲಿ ಕೇಳುವುದು, ನಿಮ್ಮವರು ಸೋತರು, ಉಳಿದ ಇಬ್ಬರಲ್ಲಿ ಯಾರಾದರೆ ಪರವಾಗಿಲ್ಲ ಅಂತ. ಪ್ರಶ್ನೆ ಬದಲಾದರೆ ಉತ್ತರವೂ ಬದಲಾಗಬಹುದು.

ಮುಂದಿದ್ದವರೇ ಸೋತ ಕಥೆಗಳು

ಮಯಾಮಿಯಲ್ಲಿ ಮೊದಲು ಬಂದವರೇ ಕೊನೆಗೂ ಗೆದ್ದರು. ಎಲ್ಲ ಕಡೆ ಹಾಗಾಗುವುದಿಲ್ಲ.

ಅಟ್ಲಾಂಟಾದಲ್ಲಿ 2021ರ ಮೊದಲ ಸುತ್ತಿನಲ್ಲಿ ಫೆಲಿಶಿಯಾ ಮೂರ್ ಶೇ 41ರ ಹತ್ತಿರ ಇದ್ದರು. ಎರಡನೆಯವರಾದ ಆಂಡ್ರೆ ಡಿಕನ್ಸ್ ಬರೀ 23. ಮಾಜಿ ಮೇಯರ್ ಕಸೀಮ್ ರೀಡ್ ಅವರನ್ನು ಕೆಲವೇ ನೂರು ಮತಗಳಿಂದ ಹಿಂದಿಕ್ಕಿ ಡಿಕನ್ಸ್ ಎರಡನೇ ಸುತ್ತಿಗೆ ಬಂದಿದ್ದರು. ನಾಲ್ಕು ವಾರ ಕಳೆದು ನಡೆದ ರನ್‌ಆಫ್‌ನಲ್ಲಿ ಅದೇ ಡಿಕನ್ಸ್ ಶೇ 60 ದಾಟಿ ಗೆದ್ದರು.

ಶಿಕಾಗೊ 2023 ಇನ್ನೂ ಚೆನ್ನಾಗಿ ವಿಷಯ ತಿಳಿಸುತ್ತದೆ. ಫೆಬ್ರುವರಿ 28ರ ಮೊದಲ ಸುತ್ತಿನಲ್ಲಿ ಪಾಲ್ ವ್ಯಾಲಸ್ ಶೇ 33, ಬ್ರ್ಯಾಂಡನ್ ಜಾನ್ಸನ್ ಶೇ 22. ಅಧಿಕಾರದಲ್ಲಿದ್ದ ಮೇಯರ್ ಲೋರಿ ಲೈಟ್‌ಫುಟ್ ಶೇ 17ರಲ್ಲಿ ಮೂರನೆಯವರಾಗಿ ಹೊರಬಿದ್ದರು. ವ್ಯಾಲಸ್ ಅವರಿಗೆ 11 ಅಂಕಗಳ ಮುನ್ನಡೆ ಇತ್ತು, ಅದನ್ನು ನೋಡಿದವರು ಅವರೇ ಮುಂದಿನ ಮೇಯರ್ ಅಂದುಕೊಂಡಿದ್ದರೆ ತಪ್ಪಿಲ್ಲ. ಆದರೆ ಏಪ್ರಿಲ್ 4ರಂದು ಜಾನ್ಸನ್ ಸುಮಾರು ಶೇ 52 ಪಡೆದು ಗೆದ್ದರು. ವ್ಯಾಲಸ್ ಅವರನ್ನು ಇಷ್ಟಪಟ್ಟವರು ಮೊದಲ ಸುತ್ತಿನಲ್ಲೇ ಹೆಚ್ಚುಕಡಿಮೆ ಎಲ್ಲ ಬಂದಿದ್ದರು. ಜಾನ್ಸನ್ ಅವರಿಗೆ ಬರಬೇಕಾದವರು ಆಗ ಲೈಟ್‌ಫುಟ್, ಗಾರ್ಸಿಯಾ ಮುಂತಾದ ಉಳಿದ ಅಭ್ಯರ್ಥಿಗಳ ಹತ್ತಿರ ಇದ್ದರು.

ಲೈಟ್‌ಫುಟ್ ಅವರದ್ದೇ ಲೆಕ್ಕ ನೋಡಿ. 2019ರಲ್ಲಿ 14 ಜನರ ಕಣದಲ್ಲಿ ಶೇ 17.5 ಪಡೆದು ಅವರು ಮೊದಲ ಸ್ಥಾನ ಪಡೆದಿದ್ದರು, ರನ್‌ಆಫ್‌ನಲ್ಲಿ ಸುಮಾರು ಶೇ 74 ಪಡೆದು ಗೆದ್ದಿದ್ದರು. ನಾಲ್ಕು ವರ್ಷ ಬಿಟ್ಟು ಹೆಚ್ಚುಕಡಿಮೆ ಅಷ್ಟೇ ಪಾಲು ಬಂದಾಗ ಎರಡನೇ ಸುತ್ತಿಗೂ ಹೋಗಲಿಲ್ಲ. ಶೇ 74ರ ಗೆಲುವಿನಲ್ಲಿ ಅವರದ್ದೇ ಅನ್ನಬಹುದಾದ ಬೆಂಬಲ ಎಷ್ಟಿತ್ತು, ಬೇರೆಯವರಿಂದ ಬಂದು ಆ ದಿನಕ್ಕೆ ಸೇರಿಕೊಂಡದ್ದು ಎಷ್ಟಿತ್ತು ಅನ್ನೋದು ಆಗ ಗೊತ್ತಾಯಿತು. ರನ್‌ಆಫ್ ಗೆದ್ದವರಿಗೆ ದೊಡ್ಡ ಅಂಕಿ ಕೊಡುತ್ತದೆ. ಆ ಅಂಕಿಯನ್ನು ನಂಬಿ ಆಡಳಿತ ಮಾಡಿದವರಿಗೆ ಕಷ್ಟ ಬರುತ್ತದೆ.

ಪಕ್ಷದ ಹೆಸರು ತೆಗೆದದ್ದು ಯಾಕೆ?

ಈಗ ಮೊದಲ ಪ್ರಶ್ನೆಗೆ ಬರೋಣ. ನೂರು ವರ್ಷಗಳ ಹಿಂದೆ ಅಮೆರಿಕದ ದೊಡ್ಡ ನಗರಗಳಲ್ಲಿ ಪಕ್ಷದ ಯಂತ್ರಗಳದ್ದೇ ಕಾರುಬಾರು. ವಾರ್ಡಿನ ನಾಯಕ ಮತ ಕೂಡಿಸಿ ಕೊಡುತ್ತಿದ್ದ, ಬದಲಿಗೆ ಪಾಲಿಕೆಯ ಕೆಲಸ, ಗುತ್ತಿಗೆ ಎಲ್ಲ ಅವನ ಕಡೆಯವರಿಗೆ. ಇದನ್ನು ಮುರಿಯಲು ಹೊರಟ ಸುಧಾರಕರು ಹೇಳಿದ್ದು ಸರಳವಾಗಿತ್ತು: ಕಸ ಎತ್ತುವುದಕ್ಕೆ, ನೀರು ಕೊಡುವುದಕ್ಕೆ, ರಸ್ತೆ ಮಾಡುವುದಕ್ಕೆ ಪಕ್ಷ ಬೇಕಾಗಿಲ್ಲ, ಒಳ್ಳೆಯ ಆಡಳಿತ ಬೇಕು. ಹಾಗಾಗಿ ಮತಪತ್ರದಿಂದ ಪಕ್ಷದ ಹೆಸರನ್ನೇ ತೆಗೆದುಬಿಡಿ. ಇವತ್ತು ಅಮೆರಿಕದ ಬಹುಪಾಲು ನಗರಗಳು ಹೀಗೇ ಚುನಾವಣೆ ಮಾಡುತ್ತವೆ. ಮಯಾಮಿ ಮೊದಲ ಸುತ್ತಿನ ದಿನವೇ ಜೋಹ್ರಾನ್ ಮಮ್ದಾನಿ ಗೆದ್ದ ನ್ಯೂಯಾರ್ಕ್ ಬೇರೆ ಥರದ್ದು: ಅಲ್ಲಿ ಪಕ್ಷದ ಹೆಸರು ಮತಪತ್ರದಲ್ಲೇ ಇರುತ್ತದೆ.

ಆದರೆ ಎಲ್ಲ ನಗರಗಳ ಕಾರಣವೂ ಅಷ್ಟು ಶುದ್ಧವಾಗಿರಲಿಲ್ಲ. ಶಿಕಾಗೊದಲ್ಲಿ 1983ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಜೇನ್ ಬರ್ನ್ ಮತ್ತು ರಿಚರ್ಡ್ ಎಂ. ಡೇಲಿ ಇಬ್ಬರೂ ಬಿಳಿಯರ ಮತ ಹಂಚಿಕೊಂಡರು. ಹೆರಾಲ್ಡ್ ವಾಷಿಂಗ್ಟನ್ ಶೇ 36ರ ಆಸುಪಾಸಿನಲ್ಲಿ ಗೆದ್ದರು. ಆಮೇಲೆ ಮುಖ್ಯ ಚುನಾವಣೆಯನ್ನೂ ಕಡಿಮೆ ಅಂತರದಲ್ಲಿ ಗೆದ್ದು ನಗರದ ಮೊದಲ ಕಪ್ಪು ಮೇಯರ್ ಆದರು. 1995ರಲ್ಲಿ ಇಲಿನಾಯ್ ರಾಜ್ಯದ ಶಾಸಕಾಂಗ ರಿಪಬ್ಲಿಕನ್ನರ ಕೈಯಲ್ಲಿದ್ದಾಗ ಶಿಕಾಗೊ ಮೇಯರ್ ಚುನಾವಣೆಯನ್ನು ಪಕ್ಷರಹಿತ ಮಾಡಿ, ಅರ್ಧಕ್ಕಿಂತ ಜಾಸ್ತಿ ಮತ ಕಡ್ಡಾಯ ಮಾಡಿತು. 1983ರ ಹಾಗೆ ಇನ್ನೊಮ್ಮೆ ಆಗಬಾರದು ಅಂತಲೇ ಇದನ್ನು ತಂದರು ಅನ್ನುವ ಅನುಮಾನ ಆಗ ಅನೇಕ ಕಪ್ಪು ನಾಯಕರಿಗಿತ್ತು, ಆ ಅನುಮಾನಕ್ಕೆ ಕಾರಣವೂ ಇತ್ತು.

ಪರಿಣಾಮ ಮಾತ್ರ ಯಾರೂ ಎಣಿಸಿದಂತೆ ಆಗಲಿಲ್ಲ. 2019ರ ರನ್‌ಆಫ್‌ನಲ್ಲಿ ಎದುರುಬದುರಾದ ಇಬ್ಬರೂ ಕಪ್ಪು ಮಹಿಳೆಯರು. 2023ರಲ್ಲಿ ಮೊದಲ ಸುತ್ತಿನಲ್ಲಿ ಹಿಂದಿದ್ದ ಕಪ್ಪು ಅಭ್ಯರ್ಥಿ ರನ್‌ಆಫ್‌ನಿಂದಲೇ ಮೇಯರ್ ಆದರು. ನಿಯಮ ಮಾಡಿದವರ ಉದ್ದೇಶ ಏನೇ ಇರಲಿ, ಊರಿನ ಮತದಾರರು ಬದಲಾದಾಗ ಅದೇ ನಿಯಮ ಬೇರೆ ಫಲ ಕೊಡುತ್ತದೆ.

ಹೆಸರಿಲ್ಲದಿದ್ದರೂ ಪಕ್ಷ ಇದೆ

ಕರ್ನಾಟಕದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯೂ ಕಾನೂನಿನ ಪ್ರಕಾರ ಪಕ್ಷರಹಿತವೇ. ಕೈ, ಕಮಲ, ತೆನೆ ಯಾವುದೂ ಮತಪತ್ರದಲ್ಲಿ ಇರೋದಿಲ್ಲ. ಆದರೂ ಫಲಿತಾಂಶ ಬಂದ ಸಂಜೆಯೇ ಕಾಂಗ್ರೆಸ್ ಬೆಂಬಲಿತರು ಇಷ್ಟು, ಬಿಜೆಪಿ ಬೆಂಬಲಿತರು ಇಷ್ಟು ಅಂತ ಪಕ್ಷಗಳು ಲೆಕ್ಕ ಕೊಡುತ್ತವೆ. ಆ 'ಬೆಂಬಲಿತ' ಅನ್ನೋ ಒಂದು ಪದ ಇಟ್ಟುಕೊಂಡರೆ ಮಯಾಮಿಯ ಸುದ್ದಿ ಪೂರ್ತಿ ಅರ್ಥವಾಗುತ್ತದೆ. ಹಿಗ್ಗಿನ್ಸ್ ಡೆಮಾಕ್ರಟಿಕ್ ಬೆಂಬಲಿತರು. ಗೊನ್ಸಾಲೆಸ್ ರಿಪಬ್ಲಿಕನ್ ಬೆಂಬಲಿತರು. ಟ್ರಂಪ್ ಮತ್ತು ಫ್ಲಾರಿಡಾ ಗವರ್ನರ್ ಡಿಸ್ಯಾಂಟಿಸ್ ಇಬ್ಬರೂ ಬಹಿರಂಗವಾಗಿ ಅವರ ಪರ ನಿಂತಿದ್ದರು. ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿಯೂ ಹಿಗ್ಗಿನ್ಸ್ ಪರ ಕೆಲಸ ಮಾಡಿತು. ಇಬ್ಬರೇ ಉಳಿದಾಗ ಚುನಾವಣೆ ತಾನಾಗಿಯೇ ಎರಡು ಪಕ್ಷಗಳ ಚುನಾವಣೆಯಾಯಿತು. 13 ಜನ ಇದ್ದಾಗ ಅಷ್ಟು ಸ್ಪಷ್ಟವಾಗಿರಲಿಲ್ಲ.

ಮತಪತ್ರದಲ್ಲಿ ಪಕ್ಷ ಇಲ್ಲದಿದ್ದರೆ ಅದನ್ನು ಹುಡುಕಿಕೊಳ್ಳುವ ಕೆಲಸ ಮತದಾರರ ತಲೆಗೆ ಬರುತ್ತದೆ. ಪೇಪರ್ ಓದುವವರಿಗೆ ಗೊತ್ತಿರುತ್ತದೆ. ಎರಡು ಕೆಲಸ ಮಾಡಿ ರಾತ್ರಿ ಮನೆಗೆ ಬರುವವರಿಗೆ ಎಷ್ಟೋ ಸಲ ಗೊತ್ತಿರೋದಿಲ್ಲ. ಆಗ ಬೇರೆ ಗುರುತುಗಳು ಆ ಜಾಗಕ್ಕೆ ಬರುತ್ತವೆ: ಕುಟುಂಬದ ಹೆಸರು, ಭಾಷೆ, ಮೂಲ ದೇಶ. ಮಯಾಮಿಯಲ್ಲಿ ಹತ್ತರಲ್ಲಿ ಏಳು ಜನ ಸ್ಪ್ಯಾನಿಷ್ ಮಾತಾಡುವ ಮೂಲದವರು. ಗೊನ್ಸಾಲೆಸ್ ಹುಟ್ಟಿದ್ದೇ ಕ್ಯೂಬಾದಲ್ಲಿ. ಹಿಗ್ಗಿನ್ಸ್ ಆ ಸಮುದಾಯದವರಲ್ಲ, ಹಾಗಾಗಿ ಅವರು ಸ್ಪ್ಯಾನಿಷ್‌ನಲ್ಲೇ ತಮ್ಮನ್ನು 'ಲಾ ಗ್ರಿಂಗಾ', ಅಂದರೆ ಹೊರಗಿನ ಬಿಳಿಯ ಹೆಂಗಸು, ಅಂತ ಪರಿಚಯಿಸಿಕೊಂಡು ಮತ ಕೇಳಿದರು.

ಪಕ್ಷದ ಹೆಸರು ಮುಚ್ಚಿಟ್ಟರೆ ಏನಾಗಬಹುದು ಅನ್ನೋದಕ್ಕೆ ಡಲ್ಲಸ್ ಒಂದು ಉದಾಹರಣೆ. ಅಲ್ಲಿನ ಮೇಯರ್ ಎರಿಕ್ ಜಾನ್ಸನ್ ಮೊದಲು ಡೆಮಾಕ್ರಟಿಕ್ ಪಕ್ಷದ ಶಾಸಕರಾಗಿದ್ದವರು. 2023ರ ಮೇನಲ್ಲಿ ಎದುರಾಳಿಯೇ ಇಲ್ಲದಂತೆ ಪುನರಾಯ್ಕೆಯಾದರು. ಅದೇ ಸೆಪ್ಟೆಂಬರ್‌ನಲ್ಲಿ ರಿಪಬ್ಲಿಕನ್ ಆದರು. ಮತಪತ್ರದಲ್ಲಿ ಪಕ್ಷ ಇರಲಿಲ್ಲ, ಹಾಗಾಗಿ ನಿಯಮ ಏನೂ ಮುರಿಯಲಿಲ್ಲ. ಆದರೆ ಡೆಮಾಕ್ರಟಿಕ್ ಮತದಾರರು ಜಾಸ್ತಿ ಇರುವ ಆ ಊರಿನಲ್ಲಿ, ನಾಲ್ಕು ತಿಂಗಳ ಹಿಂದೆ ಮತ ಹಾಕಿದವರಿಗೆ ಹೇಗನ್ನಿಸಿರಬೇಡ? ನನ್ನ ಅಭಿಪ್ರಾಯ ಕೇಳಿದರೆ, ರನ್‌ಆಫ್ ಇರಲಿ, ಪಕ್ಷದ ಹೆಸರು ಮುಚ್ಚಿಡುವುದರಿಂದ ಸಾಮಾನ್ಯ ಮತದಾರರಿಗೆ ಆಗುವ ಲಾಭ ಕಡಿಮೆ.

ಒಂದೇ ಅಂಚೆ ಚೀಲದಿಂದ ಬದಲಾದ ಮೇಯರ್

ಅರ್ಧ ದಾಟಬೇಕು ಅನ್ನುವ ಗೆರೆ ಎಷ್ಟು ಸೂಕ್ಷ್ಮ ಅಂತ ಮಯಾಮಿಗೆ ಹಳೆಯ ಅನುಭವವಿದೆ. 1997ರ ನವೆಂಬರ್‌ನಲ್ಲಿ ಆಗಿನ ಮೇಯರ್ ಜೋ ಕರೋಲೊ ಮೊದಲ ಸುತ್ತಿನಲ್ಲೇ ಶೇ 50ರ ಅಂಚಿಗೆ ಬಂದು ಸ್ವಲ್ಪದರಲ್ಲೇ ಗೆಲುವು ಕಳೆದುಕೊಂಡರು. ಹಾಗಾಗಿ ರನ್‌ಆಫ್ ನಡೆಯಿತು, ಎದುರಾಳಿ ಜೇವಿಯರ್ ಸ್ವಾರೆಜ್ ಗೆದ್ದು ಮೇಯರ್ ಆದರು. ಆಮೇಲೆ ಬಯಲಾದದ್ದು, ಮೊದಲ ಸುತ್ತಿನಲ್ಲಿ ಅಂಚೆಯಲ್ಲಿ ಬಂದ ಮತಗಳಲ್ಲಿ ದೊಡ್ಡ ಮೋಸ ನಡೆದಿತ್ತು. ಸುಳ್ಳು ಸಹಿ, ತೀರಿಹೋದವರ ಹೆಸರಲ್ಲಿ ಮತ, ಎಲ್ಲ ಇತ್ತು. ಈ ಮೋಸದಲ್ಲಿ ಸ್ವಾರೆಜ್ ಸ್ವತಃ ಭಾಗಿ ಅಂತ ಕೋರ್ಟ್ ಹೇಳಲಿಲ್ಲ. ಕೆಳಗಿನ ಕೋರ್ಟ್ ಹೊಸ ಚುನಾವಣೆಗೆ ಆದೇಶಿಸಿತು. ಮೇಲ್ಮನವಿ ಕೋರ್ಟ್ 1998ರ ಮಾರ್ಚ್‌ನಲ್ಲಿ ಇನ್ನೂ ಮುಂದೆ ಹೋಗಿ ಅಂಚೆ ಮತಗಳನ್ನೆಲ್ಲ ತೆಗೆದುಹಾಕಿತು. ಅವನ್ನು ಬಿಟ್ಟು ಎಣಿಸಿದರೆ ಕರೋಲೊ ಮೊದಲ ಸುತ್ತಿನಲ್ಲೇ ಅರ್ಧ ದಾಟಿದ್ದರು. ರನ್‌ಆಫ್ ನಡೆಯಲೇಬೇಕಿರಲಿಲ್ಲ ಅಂತಾಯಿತು. ಕುರ್ಚಿಯಲ್ಲಿದ್ದ ಸ್ವಾರೆಜ್ ಇಳಿದರು, ಕರೋಲೊ ಮತ್ತೆ ಕೂತರು.

28 ವರ್ಷ ಬಿಟ್ಟು, 2025ರ ಆ 13 ಅಭ್ಯರ್ಥಿಗಳಲ್ಲಿ ಕರೋಲೊ ಮತ್ತು ಸ್ವಾರೆಜ್ ಇಬ್ಬರೂ ಇದ್ದರು. ಅಧಿಕಾರ ಬಿಡುತ್ತಿದ್ದ ಮೇಯರ್ ಫ್ರಾನ್ಸಿಸ್ ಸ್ವಾರೆಜ್ ಇದೇ ಜೇವಿಯರ್ ಸ್ವಾರೆಜ್ ಅವರ ಮಗ. ಹಳೆಯ ಮನೆತನಗಳ ಬಗ್ಗೆ ಮತದಾರರಿಗೆ ಸಾಕಾಗಿತ್ತು ಅನ್ನೋದಕ್ಕೆ ಈ ಇಬ್ಬರಿಗೂ ಎರಡನೇ ಸುತ್ತು ಸಿಗದೇ ಹೋದದ್ದೇ ಸಾಕ್ಷಿ.

ಐದರಲ್ಲಿ ಒಬ್ಬರು

ಡಿಸೆಂಬರ್ 9ರಂದು ಮತ ಹಾಕಿದವರು ನೋಂದಾಯಿತ ಮತದಾರರಲ್ಲಿ ಐದರಲ್ಲಿ ಒಬ್ಬರ ಹತ್ತಿರ. ಒಟ್ಟು ಮತ 40 ಸಾವಿರದೊಳಗೆ. ಅಂದರೆ ಶೇ 59 ಅನ್ನುವ ಆ ಬಹುಮತ, ಇಡೀ ಮತದಾರರ ಪಟ್ಟಿಯಲ್ಲಿ ನೂರಕ್ಕೆ ಸುಮಾರು 12 ಜನ. ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದವರೇ ಮೇಯರ್ ಆಗಬೇಕು ಅನ್ನೋದು ರನ್‌ಆಫ್‌ನ ಆಸೆ. ಆದರೆ ಬಂದವರಲ್ಲಿ ಅರ್ಧ ಬೇರೆ, ಊರಿನಲ್ಲಿ ಅರ್ಧ ಬೇರೆ.

ಬೆಸ ವರ್ಷ, ಬೇರೆ ಯಾವ ದೊಡ್ಡ ಚುನಾವಣೆಯೂ ಇಲ್ಲ, ಮೇಲಾಗಿ ಡಿಸೆಂಬರ್. ಇಂಥ ದಿನ ಮನೆಯಿಂದ ಹೊರಡುವವರು ಸಾಮಾನ್ಯವಾಗಿ ವಯಸ್ಸಾದವರು, ಸ್ವಂತ ಮನೆ ಇರುವವರು, ರಾಜಕೀಯದಲ್ಲಿ ಆಸಕ್ತಿ ಇರುವವರು. ಬಾಡಿಗೆ ಮನೆಯವರು, ಕಿರಿಯರು ಹಿಂದೆ ಉಳಿಯುತ್ತಾರೆ. ಬಾಡಿಗೆಯೇ ದೊಡ್ಡ ಸಂಕಟವಾಗಿರುವ ಊರಿನಲ್ಲಿ ಬಾಡಿಗೆದಾರರೇ ಕಡಿಮೆ ಬಂದರೆ, ಅಭ್ಯರ್ಥಿಗಳೂ ಬರುವವರ ಕಷ್ಟವನ್ನೇ ಜಾಸ್ತಿ ಕೇಳಿಸಿಕೊಳ್ಳುತ್ತಾರೆ.

ಇದನ್ನು ಸರಿಮಾಡುತ್ತೇವೆ ಅಂತಲೇ 2025ರ ಜೂನ್‌ನಲ್ಲಿ ಮಯಾಮಿಯ ಸಿಟಿ ಕಮಿಷನ್, ಅಂದರೆ ಐದು ಜನರ ನಗರ ಸಭೆ, ಒಂದು ನಿರ್ಧಾರ ಮಾಡಿತು. ಚುನಾವಣೆಯನ್ನು 2026ರ ನವೆಂಬರ್‌ಗೆ ಹಾಕೋಣ, ಆಗ ರಾಜ್ಯ ಮತ್ತು ದೇಶದ ಚುನಾವಣೆಯೂ ಇರುತ್ತದೆ, ಜನ ಬರುತ್ತಾರೆ, ಖರ್ಚೂ ಉಳಿಯುತ್ತದೆ ಅಂತ. ವಾದ ಸರಿಯಾದದ್ದೇ. ಆದರೆ ಅದರ ಜೊತೆಗೆ ಅಧಿಕಾರದಲ್ಲಿದ್ದವರ ಅವಧಿಯೂ ಒಂದು ವರ್ಷ ಜಾಸ್ತಿಯಾಗುತ್ತಿತ್ತು, ಮತದಾರರನ್ನು ಕೇಳದೆ. ಗೊನ್ಸಾಲೆಸ್ ಕೋರ್ಟಿಗೆ ಹೋದರು. ನಗರದ ಚಾರ್ಟರ್ ಅನ್ನು, ಅಂದರೆ ನಗರದ ಮೂಲ ಕಾನೂನನ್ನು, ಜನಮತವಿಲ್ಲದೆ ಬದಲಿಸುವಂತಿಲ್ಲ ಅಂತ ಕೋರ್ಟ್ ಹೇಳಿತು, ಮೇಲ್ಮನವಿಯಲ್ಲೂ ಅದೇ ಉಳಿಯಿತು. ಹಾಗಾಗಿ ಚುನಾವಣೆ ನಡೆಯಿತು. ಅದನ್ನು ನಡೆಸಲೇಬೇಕು ಅಂತ ಹೋರಾಡಿದ ಗೊನ್ಸಾಲೆಸ್ ಅದರಲ್ಲಿ ಸೋತರು. ಸೋತರೂ ಆ ಕೇಸು ಹಾಕಿದ್ದು ಊರಿಗೆ ಒಳ್ಳೆಯದೇ ಆಯಿತು ಅಂತ ನನಗನ್ನಿಸುತ್ತದೆ.

ಇದೇ ಕೆಲಸವನ್ನು ಲಾಸ್ ಏಂಜಲೀಸ್ ಬೇರೆ ರೀತಿ ಮಾಡಿತ್ತು. 2015ರಲ್ಲಿ ಮತದಾರರನ್ನೇ ಕೇಳಿತು, ಅವರು ಒಪ್ಪಿದರು. ಬದಲಾವಣೆಯ ನಡುವೆ ಸಿಕ್ಕ 2017ರ ಅವಧಿ ಐದೂವರೆ ವರ್ಷದ್ದಾಯಿತು. ಅದು ಹಾಗಾಗುತ್ತದೆ ಅಂತ ಗೊತ್ತಿದ್ದೇ ಜನ ಮತ ಹಾಕಿದ್ದರು. 2022ರಲ್ಲಿ ಅಲ್ಲಿನ ಮೊದಲ ಸುತ್ತು ಜೂನ್‌ನಲ್ಲಿ, ಎರಡನೇ ಸುತ್ತು ನವೆಂಬರ್‌ನ ಸಾರ್ವತ್ರಿಕ ಚುನಾವಣೆಯ ದಿನವೇ ನಡೆಯಿತು. ಕ್ಯಾರೆನ್ ಬಾಸ್ ಗೆದ್ದ ಆ ಸುತ್ತಿಗೆ, ಹಳೆಯ ಮೇಯರ್ ಚುನಾವಣೆಗಳಿಗೆ ಬರುತ್ತಿದ್ದವರ ಸುಮಾರು ಎರಡರಷ್ಟು ಪಾಲು ಮತದಾರರು ಬಂದರು. ಊರು ಅದೇ, ರನ್‌ಆಫ್ ಕೂಡ ಇತ್ತು. ಬದಲಾದದ್ದು ಕ್ಯಾಲೆಂಡರ್.

ಒಂದೇ ಸಲಕ್ಕೆ ಮುಗಿಸಬಹುದಲ್ವಾ?

ಮುಗಿಸಬಹುದು. ಸ್ಯಾನ್ ಫ್ರಾನ್ಸಿಸ್ಕೊ, ಓಕ್‌ಲ್ಯಾಂಡ್‌ನಂಥ ನಗರಗಳಲ್ಲಿ ಮತದಾರರು ಮೊದಲ ಆಯ್ಕೆ, ಎರಡನೇ ಆಯ್ಕೆ, ಮೂರನೇ ಆಯ್ಕೆ ಅಂತ ಒಂದೇ ದಿನ ಬರೆದುಬಿಡುತ್ತಾರೆ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಪ್ರಾಶಸ್ತ್ಯ ಮತದ ಹಾಗೆ. ಕಡಿಮೆ ಮತ ಬಂದವರನ್ನು ಒಬ್ಬೊಬ್ಬರಾಗಿ ತೆಗೆದು, ಅವರ ಮತಗಳನ್ನು ಮುಂದಿನ ಆಯ್ಕೆಗೆ ಹಂಚುತ್ತಾ ಹೋಗುತ್ತಾರೆ. 2010ರಲ್ಲಿ ಓಕ್‌ಲ್ಯಾಂಡ್‌ನಲ್ಲಿ ಡಾನ್ ಪೆರಾಟಾ ಮೊದಲ ಆಯ್ಕೆಯಲ್ಲಿ ಮುಂದಿದ್ದರು, ಹಂಚಿಕೆ ಮುಗಿದಾಗ ಗೆದ್ದವರು ಜೀನ್ ಕ್ವಾನ್. ಎರಡನೇ ಸಲ ಬರುವ ಕಷ್ಟ ಇಲ್ಲಿಲ್ಲ.

ಆದರೆ ಇಲ್ಲೂ ಕೊರತೆ ಇದೆ. ರನ್‌ಆಫ್‌ನಲ್ಲಿ ಇಬ್ಬರನ್ನೇ ಎದುರುಬದುರು ಕೂರಿಸಿ ಐದು ವಾರ ನೋಡಲು ಸಿಗುತ್ತದೆ. ಮೊದಲ ಸುತ್ತಿನಲ್ಲಿ 13 ಜನರ ನಡುವೆ ಯಾರ ಮಾತೂ ಸರಿಯಾಗಿ ಕೇಳಿಸಿರೋದಿಲ್ಲ. ಪ್ರಾಶಸ್ತ್ಯ ಮತದಲ್ಲಿ ಆ ಎರಡನೇ ನೋಟ ಸಿಗುವುದಿಲ್ಲ. ಹೇಗಿದ್ದರೂ ಮಯಾಮಿಗೆ ಸದ್ಯಕ್ಕೆ ಈ ದಾರಿ ಇಲ್ಲ. 2022ರಲ್ಲಿ ಫ್ಲಾರಿಡಾ ರಾಜ್ಯ ಇದನ್ನು ಎಲ್ಲ ಚುನಾವಣೆಗಳಲ್ಲೂ ನಿಷೇಧಿಸಿದೆ.

ಗೆದ್ದ ಮೇಲೆ ಕೈಯಲ್ಲಿ ಏನಿದೆ?

ಇಷ್ಟೆಲ್ಲ ಆಗಿ ಗೆದ್ದ ಮಯಾಮಿ ಮೇಯರ್ ಅವರ ಅಧಿಕಾರ ದೊಡ್ಡದೇನಲ್ಲ. ನಗರದ ದಿನನಿತ್ಯದ ಆಡಳಿತ ಸಿಟಿ ಮ್ಯಾನೇಜರ್ ಕೈಯಲ್ಲಿ, ನಮ್ಮ ಪಾಲಿಕೆ ಆಯುಕ್ತರ ಹಾಗೆ. ಆ ಮ್ಯಾನೇಜರ್ ಅನ್ನು ನೇಮಿಸುವುದು ಮೇಯರ್. ಕಮಿಷನ್ ಸಭೆಯಲ್ಲಿ ಮೇಯರ್‌ಗೆ ಮತವಿಲ್ಲ. ಅದು ಮಾಡಿದ ನಿರ್ಣಯವನ್ನು ವೀಟೊ ಮಾಡಬಹುದು, ಐವರಲ್ಲಿ ನಾಲ್ವರು ಒಟ್ಟಾದರೆ ಆ ವೀಟೊ ಕೂಡ ಬೀಳುತ್ತದೆ. ಮೇಯರ್‌ಗೆ ಜಾಸ್ತಿ ಅಧಿಕಾರ ಕೊಡುವ ಪ್ರಸ್ತಾಪ 2018ರಲ್ಲಿ ಜನರ ಮುಂದೆ ಬಂದಿತ್ತು, ಜನ ತಿರಸ್ಕರಿಸಿದ್ದರು.

ಪ್ರಚಾರದಲ್ಲಿ ಹೆಚ್ಚು ಚರ್ಚೆಯಾದ ವಲಸಿಗರ ವಿಷಯವನ್ನೇ ತಗೊಳ್ಳಿ. ನಗರದ ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೇರೆ ದೇಶದಲ್ಲಿ ಹುಟ್ಟಿದವರು. ವಲಸಿಗರನ್ನು ಹಿಡಿಯುತ್ತಿರುವ ರೀತಿ ಕ್ರೂರ ಅಂತ ಹಿಗ್ಗಿನ್ಸ್ ನೇರವಾಗಿ ಹೇಳಿದ್ದರು, ಅದಕ್ಕಾಗಿಯೇ ಅನೇಕರು ಅವರಿಗೆ ಮತ ಹಾಕಿದರು. ಆದರೆ ನಗರದ ಪೊಲೀಸರು ಕೇಂದ್ರ ಸರ್ಕಾರದ ವಲಸೆ ಇಲಾಖೆಯ ಜೊತೆ ಕೆಲಸ ಮಾಡುವ ಒಪ್ಪಂದಕ್ಕೆ 2025ರ ಜೂನ್‌ನಲ್ಲಿ ಕಮಿಷನ್ 3-2 ಮತಗಳಿಂದ ಒಪ್ಪಿಗೆ ಕೊಟ್ಟಾಗಿದೆ. ಅದನ್ನು ಮೇಯರ್ ಒಬ್ಬರೇ ರದ್ದು ಮಾಡಲಾರರು. ಐವರಲ್ಲಿ ಮೂವರು ಬೇಕು.